ಬಿಡಿಎ ಸೈಟಾ, ಹೌಸಿಂಗ್ ಬೋರ್ಡಾ, ಖಾಸಗಿ ಲೇಔಟಾ, ಬಿ ಖಾತಾನಾ? ಐದು ಪಾಲಿಕೆಯ ಬೆಂಗಳೂರಲ್ಲಿ ಸೈಟು ಆರಿಸುವುದು ಹೇಗೆ

2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದವು. ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅಂದರೆ ಜಿಬಿಎ. ಅಂದಿನಿಂದ ಸೈಟು ಹುಡುಕುವವರ ಪ್ರಶ್ನೆಯೂ ಬದಲಾಗಿದೆ. ಮೊದಲು "ಯಾವ ಏರಿಯಾ ಒಳ್ಳೇದು?" ಅಂತ ಕೇಳುತ್ತಿದ್ದರು. ಈಗ "ಬಿಡಿಎ ಇರುತ್ತಾ, ಹೋಗುತ್ತಾ? ಖಾತಾ ಯಾರು ಕೊಡ್ತಾರೆ? ಬಿ ಖಾತಾ ಎ ಆಗುತ್ತಂತಲ್ಲ, ಅಗ್ಗಕ್ಕೆ ಸಿಕ್ಕಾಗಲೇ ತಗೊಂಡುಬಿಡಲಾ?" ಅಂತ ಕೇಳುತ್ತಾರೆ.

ಸರಿಯಾದ ಪ್ರಶ್ನೆಗಳೇ. ಬಿಡಿಎ ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ. ಖಾತಾ ಅಂದರೆ ಆಸ್ತಿಯ ತೆರಿಗೆ ಯಾರ ಹೆಸರಲ್ಲಿ ಕಟ್ಟಬೇಕು ಅಂತ ಪಾಲಿಕೆ ಇಡುವ ದಾಖಲೆ, ಮಂಜೂರಾತಿ ಸರಿ ಇರುವ ಸೈಟಿಗೆ ಎ, ಇಲ್ಲದ್ದಕ್ಕೆ ಬಿ. ಬೆಂಗಳೂರಲ್ಲಿ ಸೈಟಿನ ಜೊತೆ ಒಂದು ಕಚೇರಿಯನ್ನೂ ಕೊಂಡುಕೊಳ್ಳುತ್ತೀರಿ. ಮುಂದಿನ ಇಪ್ಪತ್ತು ವರ್ಷ ಯಾರ ಕೌಂಟರ್ ಮುಂದೆ ನಿಲ್ಲಬೇಕು, ಯಾರಿಗೆ ಎಷ್ಟು ಕಟ್ಟಬೇಕು ಅನ್ನೋದು ಸೈಟು ಆರಿಸಿದಾಗಲೇ ತೀರ್ಮಾನವಾಗುತ್ತದೆ. ಮೂಲೆ ಸೈಟು, ಪೂರ್ವ ದಿಕ್ಕಿನ ಬಾಗಿಲು ಎಲ್ಲಾ ಆಮೇಲೆ ನೋಡಿಕೊಳ್ಳಬಹುದು.

ಈಗ ಯಾರು ಏನು ಮಾಡ್ತಾರೆ?

ಆಸ್ತಿ ತೆರಿಗೆ, ಖಾತಾ, ಮನೆ ಪ್ಲ್ಯಾನು, ಕಸ, ಬಡಾವಣೆಯ ಒಳರಸ್ತೆ, ಇವೆಲ್ಲ ನಿಮ್ಮ ಪಾಲಿಕೆಯ ಕೆಲಸ. ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ಐದು ಪಾಲಿಕೆಗಳಿವೆ. ಇಡೀ ಊರಿನ ಯೋಜನೆ ಮಾಡುವ ಅಧಿಕಾರವನ್ನು ಹೊಸ ಕಾನೂನು ಬಿಡಿಎಯಿಂದ ತೆಗೆದು ಜಿಬಿಎಗೆ ಕೊಟ್ಟಿದೆ. ಜಿಬಿಎಗೆ ಮುಖ್ಯಮಂತ್ರಿಯೇ ಅಧ್ಯಕ್ಷರು. 1976ರಲ್ಲಿ ಹುಟ್ಟಿದ ಬಿಡಿಎ ಎಲ್ಲೂ ಹೋಗಿಲ್ಲ. ಜಮೀನು ಸ್ವಾಧೀನ ಮಾಡಿ ಬಡಾವಣೆ ಕಟ್ಟುವುದು, ಸೈಟು ಹಂಚುವುದು ಅದರ ಕೈಯಲ್ಲೇ ಉಳಿದಿದೆ. ಕುಡಿಯುವ ನೀರು, ಒಳಚರಂಡಿ ಜಲಮಂಡಳಿಯದು. ಗಡಿಯಾಚೆಗೆ ಹೋದರೆ ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಎಂಆರ್‌ಡಿಎ ಕೆಳಗಿನ ಆನೇಕಲ್, ಹೊಸಕೋಟೆ, ನೆಲಮಂಗಲದಂಥ ಯೋಜನಾ ಪ್ರಾಧಿಕಾರಗಳು, ವಿಮಾನ ನಿಲ್ದಾಣದ ಸುತ್ತ ಅಲ್ಲಿನದೇ ಯೋಜನಾ ಪ್ರಾಧಿಕಾರ ಬಯಪಾ. ಅಲ್ಲಿ ತೆರಿಗೆ ಕಟ್ಟಿಸಿಕೊಳ್ಳುವುದು ಗ್ರಾಮ ಪಂಚಾಯಿತಿ ಅಥವಾ ಪುರಸಭೆ. ಕರ್ನಾಟಕ ಗೃಹ ಮಂಡಳಿ, ನಾವೆಲ್ಲ ಹೌಸಿಂಗ್ ಬೋರ್ಡ್ ಅನ್ನೋದು, ಇದ್ಯಾವುದರ ಕೆಳಗೂ ಬರುವುದಿಲ್ಲ. ಅದು ರಾಜ್ಯದ ಸಂಸ್ಥೆ.

ಯೋಜನೆ ಜಿಬಿಎಗೆ ಹೋಯಿತು ಅಂದ ಮಾತ್ರಕ್ಕೆ ಹೊಸ ನಕ್ಷೆ ಬಂದಿದೆ ಅಂದುಕೊಳ್ಳಬೇಡಿ. 2007ರಲ್ಲಿ ಒಪ್ಪಿಗೆ ಪಡೆದ, 2015ರವರೆಗಿನ ಮಾಸ್ಟರ್ ಪ್ಲ್ಯಾನೇ ಇವತ್ತಿಗೂ ಆಧಾರ. 2031ರ ಕರಡು ಬಂದು ವಾಪಸ್ ಹೋಯಿತು. ಸೈಟು ಮನೆ ಕಟ್ಟಬಹುದಾದ ಹಳದಿ ವಲಯದಲ್ಲಿದೆಯೋ ಕೃಷಿಗೆ ಮೀಸಲಾದ ಹಸಿರಿನಲ್ಲಿದೆಯೋ ಅಂತ ನೋಡಬೇಕಾದ್ದು ಆ ಹಳೇ ನಕ್ಷೆಯಲ್ಲೇ.

ಯಾವುದರಿಂದ ಅಳೆಯೋದು?

ನಾನು ನಾಲ್ಕು ವಿಷಯ ನೋಡುತ್ತೇನೆ. ಮೊದಲನೆಯದು ಹಕ್ಕು: ಕ್ರಯಪತ್ರ ಯಾರಿಂದ ಬರುತ್ತದೆ, ಹಿಂದಿನ ಸರಪಳಿಯಲ್ಲಿ ಕೊಂಡಿ ತಪ್ಪಿದೆಯಾ? ಎರಡನೆಯದು ಮಂಜೂರಾತಿ: ಲೇಔಟಿಗೆ ಒಪ್ಪಿಗೆ ಇದೆಯಾ, ಆ ಸೈಟಿನ ಮೇಲೆ ಮನೆ ಪ್ಲ್ಯಾನು ಸಿಗುತ್ತದಾ? ಮೂರನೆಯದು ಶುಲ್ಕ: ಒಂದು ಸಲ ಕಟ್ಟುವುದೆಷ್ಟು, ವರ್ಷಾವರ್ಷ ಎಷ್ಟು, ಹಳೇ ಬಾಕಿ ಯಾರ ತಲೆ ಮೇಲೆ? ನಾಲ್ಕನೆಯದು ನೀರು, ಚರಂಡಿ, ರಸ್ತೆ: ಕೊಡುವವರು ಯಾರು, ಯಾವಾಗ? ಬ್ಯಾಂಕ್ ಸಾಲ, ಮುಂದೆ ಮಾರಾಟ ಎರಡೂ ಮೊದಲಿನ ಎರಡನ್ನು ಹಿಂಬಾಲಿಸುತ್ತವೆ. ಹಕ್ಕು, ಮಂಜೂರಾತಿ ಸರಿ ಇದ್ದರೆ ಸಾಲ ತಾನಾಗೇ ಸಿಗುತ್ತದೆ.

ಶುಲ್ಕದ ವಿಷಯ ಜನ ಹಗುರವಾಗಿ ತಗೊಳ್ಳುತ್ತಾರೆ. ಒಂದು ಲೆಕ್ಕ ಹಾಕಿ ನೋಡಿ. 60 ಲಕ್ಷದ ಸೈಟು. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು ಸೇರಿ ನಗರದಲ್ಲಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಲ್ಲಿ ಶೇ 1ರಿಂದ 2ಕ್ಕೆ ಏರಿತು. ಒಟ್ಟು ಶೇ 7.6, ಅಂದರೆ 4 ಲಕ್ಷ 56 ಸಾವಿರ. ಬ್ಯಾಂಕು ಸಾಮಾನ್ಯವಾಗಿ ಇದಕ್ಕೆ ಸಾಲ ಕೊಡುವುದಿಲ್ಲ. ಕೈಯಿಂದಲೇ ಹಾಕಬೇಕು.

ಇನ್ನು ವರ್ಷದ ತೆರಿಗೆ. ಯಾರದಾದರೂ ಆಸ್ತಿ ತೆರಿಗೆ ರಸೀದಿ ಕೈಗೆ ತಗೊಂಡು ಓದಿ. ತೆರಿಗೆಯ ಕೆಳಗೆ ಆರೋಗ್ಯ ಸೆಸ್ಸು, ಗ್ರಂಥಾಲಯ ಸೆಸ್ಸು, ಭಿಕ್ಷುಕರ ಸೆಸ್ಸು ಅಂತ ಸಾಲುಸಾಲಾಗಿ ಇರುತ್ತವೆ. ಈ ಮೂರೇ ಸೇರಿದರೆ ತೆರಿಗೆಯ ಶೇ 24. ಪಾಲಿಕೆ ಇವನ್ನು ವಸೂಲು ಮಾಡಿ ಬೇರೆ ಇಲಾಖೆಗಳಿಗೆ ದಾಟಿಸಬೇಕು. 2025ರ ಏಪ್ರಿಲ್‌ನಿಂದ ಅದೇ ಬಿಲ್ಲಿಗೆ ಕಸದ ಬಳಕೆದಾರರ ಶುಲ್ಕವೂ ಬಂದು ಕೂತಿದೆ. 1001ರಿಂದ 2000 ಚದರ ಅಡಿ ಮನೆಗೆ ತಿಂಗಳಿಗೆ 100 ರೂಪಾಯಿ. ತೆರಿಗೆಯ ದರ ಎ ಯಿಂದ ಎಫ್‌ವರೆಗಿನ ಆರು ವಲಯಗಳಲ್ಲಿ ನಿಮ್ಮದು ಯಾವುದು ಅನ್ನೋದರ ಮೇಲೆ ನಿಂತಿದೆ. ಸದ್ಯಕ್ಕೆ ಐದೂ ಪಾಲಿಕೆಗಳಲ್ಲಿ ಕ್ರಮ ಒಂದೇ. ಆದರೆ ಇನ್ನು ಮುಂದೆ ಐದು ಬಜೆಟ್, ಐದು ಖಜಾನೆ. ಮಹದೇವಪುರ, ಕೆ.ಆರ್. ಪುರ ಇರುವ ಪೂರ್ವ ಪಾಲಿಕೆಗೆ ಐಟಿ ಪಾರ್ಕುಗಳ ತೆರಿಗೆ ಇದೆ. ಅಂಥ ದೊಡ್ಡ ಕಟ್ಟಡಗಳು ಕಮ್ಮಿ ಇರುವ ಕಡೆ ರಸ್ತೆ ಹಾಕಲು ದುಡ್ಡು ಎಲ್ಲಿಂದ ಬರುತ್ತದೆ? ಒಂದೋ ರಾಜ್ಯ ಸರ್ಕಾರ ಕೊಡಬೇಕು, ಇಲ್ಲಾ ಮನೆಯವರ ತೆರಿಗೆ ಏರಬೇಕು. ಸೈಟು ಆರಿಸುವಾಗ ಇದನ್ನೂ ತಲೆಯಲ್ಲಿಟ್ಟುಕೊಳ್ಳಿ ಅಂತೀನಿ.

ಬಿಡಿಎ ಸೈಟು

ಹಕ್ಕಿನ ವಿಷಯದಲ್ಲಿ ಇದಕ್ಕೆ ಸರಿಸಾಟಿ ಕಮ್ಮಿ. ಸರ್ಕಾರವೇ ಸ್ವಾಧೀನ ಮಾಡಿ, ಸರ್ಕಾರವೇ ಪತ್ರ ಕೊಡುತ್ತದೆ. ಯಾವ ಬ್ಯಾಂಕೂ ಹಿಂದೆಮುಂದೆ ನೋಡುವುದಿಲ್ಲ. ಬೆಲೆಯೂ ಹಂಚಿಕೆಯಲ್ಲಿ ಸಿಕ್ಕರೆ ಮಾರುಕಟ್ಟೆಗಿಂತ ಕಮ್ಮಿ.

ತೊಂದರೆ ಕಾಲದ್ದು. ಮೈಸೂರು ರಸ್ತೆಯಿಂದ ಮಾಗಡಿ ರಸ್ತೆವರೆಗೆ ಹಬ್ಬಿರುವ ನಾಡಪ್ರಭು ಕೆಂಪೇಗೌಡ ಬಡಾವಣೆಯನ್ನೇ ತಗೊಳ್ಳಿ. ಸುಮಾರು 4000 ಎಕರೆಯ ಯೋಜನೆ. ಮೊದಲ ಅಧಿಸೂಚನೆ 2008ರಲ್ಲಿ, ಹಂಚಿಕೆ 2016ರಲ್ಲಿ ಶುರು. ಪತ್ರ ಕೈಗೆ ಬಂದು ಎಷ್ಟೋ ವರ್ಷವಾದ ಮೇಲೂ ನೀರು, ಚರಂಡಿ, ಮುಖ್ಯರಸ್ತೆಗಾಗಿ ಸೈಟುದಾರರು ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ, ಅಂದರೆ ರೇರಾದ ಮೆಟ್ಟಿಲು ಹತ್ತಬೇಕಾಯಿತು. ಹೀಗಾಗಲು ಕಾರಣ ಜಮೀನಿನ ಲೆಕ್ಕದಲ್ಲಿದೆ. ರೈತರಿಗೆ ದುಡ್ಡಿನ ಬದಲು ಅಭಿವೃದ್ಧಿಪಡಿಸಿದ ನಿವೇಶನದ ಶೇ 40 ಕೊಡುವ ಆಯ್ಕೆ ಇದೆ. ರಸ್ತೆ, ಪಾರ್ಕಿಗೆ ಬಿಟ್ಟದ್ದನ್ನು ಕಳೆದು ಲೆಕ್ಕ ಹಾಕಿದರೆ ಒಂದು ಎಕರೆಗೆ 9583 ಚದರ ಅಡಿ ಆಗುತ್ತದೆ. ಅದು ಹೋಗಿ, ರಸ್ತೆ, ಪಾರ್ಕು ಹೋಗಿ ಉಳಿದಿದ್ದನ್ನು ಮಾರಿ ಬಂದ ದುಡ್ಡಲ್ಲೇ ಬಡಾವಣೆ ಕಟ್ಟಬೇಕು. ನಡುವೆ ಯಾರೋ ಒಬ್ಬರು ಕೋರ್ಟಿಗೆ ಹೋದರೆ ಆ ತುಂಡಿನಲ್ಲಿ ರಸ್ತೆ ನಿಂತುಬಿಡುತ್ತದೆ. ಅದರಾಚೆಯವರಿಗೆ ಪೈಪೂ ಇಲ್ಲ.

ಇನ್ನೊಂದು ವಿಷಯ. ಬಡಾವಣೆ ಪಾಲಿಕೆಗೆ ಹಸ್ತಾಂತರ ಆಗುವವರೆಗೂ ಖಾತಾ, ತೆರಿಗೆ ಎಲ್ಲಾ ಬಿಡಿಎ ಹತ್ತಿರವೇ. ಬೀದಿದೀಪ ಕೆಟ್ಟರೆ ಪಾಲಿಕೆ "ಇದು ನಮ್ಮದಲ್ಲ" ಅನ್ನುತ್ತದೆ. ಕೊಳ್ಳುವ ಮೊದಲು ಹಸ್ತಾಂತರ ಆಗಿದೆಯಾ ಅಂತ ಕೇಳಿ.

ಬಿಡಿಎಯಲ್ಲಿ ಎರಡು ದಾರಿ ಇವೆ. ಹಂಚಿಕೆಯಲ್ಲಿ ಹೋದರೆ ನಿಮ್ಮ, ಸಂಗಾತಿಯ, ಅವಲಂಬಿತರ ಹೆಸರಲ್ಲಿ ಇಲ್ಲಿ ಮನೆಯಾಗಲಿ ಸೈಟಾಗಲಿ ಇರಬಾರದು. ಹಿಂದೆ ಅರ್ಜಿ ಹಾಕಿ ಸಿಗದೆ ಹೋಗಿದ್ದರೆ ಅದು ಹಿರಿತನಕ್ಕೆ ಸೇರುತ್ತದೆ. ಸಿಕ್ಕಾಗ ಮೊದಲು ಬರುವುದು ಹತ್ತು ವರ್ಷದ ಲೀಸ್ ಕಂ ಸೇಲ್ ಕರಾರು, ಪೂರ್ತಿ ಕ್ರಯಪತ್ರ ಆಮೇಲೆ. ಆ ಹತ್ತು ವರ್ಷದೊಳಗಿನ ಸೈಟನ್ನು ಅಗ್ರಿಮೆಂಟು, ಜಿಪಿಎ (ಅಧಿಕಾರ ಪತ್ರ) ಮಾಡಿ ಕೊಡುತ್ತೇನೆ ಅಂತ ಯಾರಾದರೂ ಬಂದರೆ ನಮಸ್ಕಾರ ಹೇಳಿ ಕಳಿಸಿ. ಎರಡನೇ ದಾರಿ ಹರಾಜು. ಮೂಲೆ ಸೈಟು, ಬಿಡಿ ಸೈಟುಗಳು ಆನ್‌ಲೈನ್ ಹರಾಜಿಗೆ ಬರುತ್ತವೆ. ನೆಲೆಗೊಂಡ ಬಡಾವಣೆಯಲ್ಲೂ ಸಿಗುತ್ತವೆ, ನೀರು ರಸ್ತೆ ಆಗಲೇ ಇರುತ್ತದೆ. ಬೆಲೆ ಮಾತ್ರ ಮಾರುಕಟ್ಟೆಯದ್ದೇ. ಹರಾಜಿನ ಷರತ್ತು ಬಿಗಿ: ಗೆದ್ದವರು ಮೂರು ದಿನದಲ್ಲಿ ಶೇ 25 ಕಟ್ಟಬೇಕು, ಉಳಿದದ್ದಕ್ಕೆ ಹಂಚಿಕೆ ಪತ್ರ ಬಂದ ಮೇಲೆ 45 ದಿನ. ಸಾಲ ಬೇಕಿದ್ದರೆ ಬ್ಯಾಂಕಿನ ಮಾತು ಹರಾಜಿಗೆ ಮೊದಲೇ ಮುಗಿದಿರಬೇಕು. ಪ್ರತಿ ಹರಾಜಿನ ಪ್ರಕಟಣೆಯಲ್ಲಿ ಷರತ್ತು ಇರುತ್ತದೆ, ಸುಮ್ನೆ ಬೆಲೆ ನೋಡಿ ಕೂಗಬೇಡಿ.

ಬಿಡಿಎ ಫ್ಲ್ಯಾಟುಗಳೂ ಇವೆ. ಕಣಿಮಿಣಿಕೆ, ಕೊಮ್ಮಘಟ್ಟ, ವಲಗೇರಹಳ್ಳಿ ಕಡೆ. ಮಾರಾಟವಾಗದೆ ಉಳಿದವನ್ನು ಮೇಳ ಮಾಡಿ ಮಾರಿದ್ದೂ ಉಂಟು. ದೂರ ಅನ್ನೋದು ಒಂದು ದೂರು. ಆದರೆ ಬಾಡಿಗೆ, ಇಎಂಐ ಎರಡೂ ಒಟ್ಟಿಗೆ ಹೊರಲಾಗದವರಿಗೆ ಕಟ್ಟಿ ಮುಗಿದ ಮನೆಯಷ್ಟು ನೆಮ್ಮದಿ ಬೇರೆ ಇಲ್ಲ. ಹೊಸ ಫ್ಲ್ಯಾಟು ಮೊದಲ ಸಲ ನೋಂದಣಿಯಾಗುವಾಗ ಬೆಲೆ 20 ಲಕ್ಷ ದಾಟಿ 45 ಲಕ್ಷದೊಳಗಿದ್ದರೆ ಮುದ್ರಾಂಕ ಶುಲ್ಕ ಶೇ 5ರ ಬದಲು ಶೇ 3. ಸೈಟಿಗೆ ಈ ರಿಯಾಯಿತಿ ಇಲ್ಲ.

ಹೌಸಿಂಗ್ ಬೋರ್ಡು

ಯಲಹಂಕ ನ್ಯೂ ಟೌನ್, ಕೆಂಗೇರಿ ಉಪನಗರ ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಈಗ ಬೆಂಗಳೂರಿನ ಹತ್ತಿರ ಅಂದರೆ ಮುಖ್ಯವಾಗಿ ಚಂದಾಪುರ, ಆನೇಕಲ್ ಕಡೆಯ ಸೂರ್ಯನಗರ. ಹಕ್ಕು ಬಿಡಿಎಯಷ್ಟೇ ಗಟ್ಟಿ. ಗಡಿಯಾಚೆ ಇರುವುದರಿಂದ ತೆರಿಗೆ ಕಮ್ಮಿ, ಸೌಲಭ್ಯ ಸ್ಥಳೀಯ ಸಂಸ್ಥೆಯ ಶಕ್ತಿಗೆ ತಕ್ಕಷ್ಟು. 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದವರೆಗೆ ಹಳದಿ ಮೆಟ್ರೊ ಬಂದ ಮೇಲೆ ಆ ಕಡೆಯ ದೂರ ಸ್ವಲ್ಪ ಸವೆದಿದೆ. ಕಾವೇರಿ ನೀರು ಯಾವಾಗ ಅಂತ ಕೇಳದೆ ಮಾತ್ರ ಮುಂದೆ ಹೋಗಬೇಡಿ.

ಖಾಸಗಿ ಲೇಔಟು

ಹೆಚ್ಚಿನವರು ಕೊನೆಗೆ ಬರುವುದು ಇಲ್ಲಿಗೇ. ಬೇಕಾದಾಗ ಸಿಗುತ್ತದೆ, ಬೇಕಾದ ಕಡೆ ಸಿಗುತ್ತದೆ. ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ, ಬ್ರೋಷರು ಮಾತ್ರ ಎರಡರದ್ದೂ ಒಂದೇ ಥರ.

ನೋಡಬೇಕಾದ ಕಾಗದ ಹೀಗಿವೆ. ಜಿಲ್ಲಾಧಿಕಾರಿಯಿಂದ ಭೂಪರಿವರ್ತನೆ. ಯೋಜನಾ ಪ್ರಾಧಿಕಾರದ ಲೇಔಟು ಮಂಜೂರಾತಿ. ರೇರಾ ನೋಂದಣಿ: 500 ಚದರ ಮೀಟರ್‌ಗಿಂತ ದೊಡ್ಡ ಯೋಜನೆಗೆ ಇದು ಕಡ್ಡಾಯ. ನಾಲ್ಕನೆಯದು ರಿಲೀಸ್ ಆರ್ಡರ್, ಜನ ಬಿಟ್ಟುಬಿಡುವುದು ಇದನ್ನೇ. ರಸ್ತೆ, ಚರಂಡಿ, ಕರೆಂಟಿನ ಕೆಲಸ ಆದಂತೆಲ್ಲಾ ಪ್ರಾಧಿಕಾರ ಸೈಟುಗಳನ್ನು ಕಂತಿನಲ್ಲಿ ಬಿಡುಗಡೆ ಮಾಡುತ್ತದೆ. ನಿಮ್ಮ ಸೈಟಿನ ಸಂಖ್ಯೆ ಬಿಡುಗಡೆ ಪಟ್ಟಿಯಲ್ಲಿ ಇಲ್ಲದಿದ್ದರೆ, ಲೇಔಟು ಮಂಜೂರಾಗಿದ್ದರೂ ನಿಮ್ಮ ಕೆಲಸ ಕೆಡುತ್ತದೆ. ಪಟ್ಟಿ ಕೇಳಿ, ಸಂಖ್ಯೆಯ ಮೇಲೆ ಬೆರಳಿಟ್ಟು ನೋಡಿ. "ಎಲ್ಲಾ ರಿಲೀಸ್ ಆಗಿದೆ ಸರ್" ಅನ್ನೋ ಮಾತು ಸಾಲದು.

ಲೇಔಟು ಮಂಜೂರಾಗುವಾಗಲೇ ಕೆರೆ ಅಭಿವೃದ್ಧಿ, ರಿಂಗ್ ರೋಡ್, ಕೊಳೆಗೇರಿ ಸುಧಾರಣೆ ಅಂತ ಹಲವು ಸರ್ಚಾರ್ಜು ಕಟ್ಟಿರುತ್ತಾರೆ. ಅದೆಲ್ಲಾ ಸೈಟಿನ ಬೆಲೆಯಲ್ಲೇ ಸೇರಿ ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಮಂಜೂರಾದ ಲೇಔಟು ಮಂಜೂರಾತಿ ಇಲ್ಲದೆ ಜಮೀನು ತುಂಡು ಮಾಡಿ ಮಾರುವ ಪಕ್ಕದ ರೆವಿನ್ಯೂ ಲೇಔಟಿಗಿಂತ ದುಬಾರಿ ಯಾಕೆ ಅಂದರೆ, ಕಾರಣಗಳಲ್ಲಿ ಇದೂ ಒಂದು. ಪಕ್ಕದವರು ಅದನ್ನು ಕಟ್ಟಿಲ್ಲ. ಇವತ್ತು ಕಟ್ಟದ್ದು ನಾಳೆ ದಂಡದ ಜೊತೆ ಬರುತ್ತದೆ, ಬರುವುದು ಕೊಂಡವರ ಮೇಲೆ.

ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತಿನ, ಅಂದರೆ ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆಯ, ನಮೂನೆ 9 ಮತ್ತು 11 ಇರಬೇಕು. 11 ಬಿ ಅಂತ ಇದ್ದರೆ ಅದು ಬಿ ಖಾತಾದ ತಮ್ಮ. ನಗರದ ಅಂಚಿನಲ್ಲಿ ಕೊಳ್ಳುವವರು ಇನ್ನೊಂದು ನೋಡಿ: 2007ರಲ್ಲಿ 110 ಹಳ್ಳಿ ಬಿಬಿಎಂಪಿಗೆ ಸೇರಿದವು. ತೆರಿಗೆ ಬೇಗ ಬಂತು. ಹಲವು ಕಡೆ ಕಾವೇರಿ ನೀರು ಬಂದದ್ದು ದಿನಕ್ಕೆ 77.5 ಕೋಟಿ ಲೀಟರಿನ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾದ ಮೇಲೆ, ಅದೂ ಸಂಪರ್ಕಕ್ಕೆ ಬೇರೆ ದುಡ್ಡು ಕಟ್ಟಿ. ಗಡಿ ಇನ್ನೂ ಹಿಗ್ಗಿದರೆ ಹೊಸಬರಿಗೂ ಅದೇ ಕಥೆ ಆಗಬಹುದು ಅಂತ ಲೆಕ್ಕ ಹಾಕಿಕೊಂಡೇ ಹೋಗಿ.

ಬಿ ಖಾತಾ

ಜಾಸ್ತಿ ಆಸೆ ಹುಟ್ಟಿಸಿರುವುದು ಇದೇ. ಲೇಔಟು ಮಂಜೂರಾತಿ ಇಲ್ಲದ, ಎಷ್ಟೋ ಸಲ ಭೂಪರಿವರ್ತನೆಯೂ ಆಗದ ಸೈಟುಗಳಿಂದ ತೆರಿಗೆಯನ್ನಾದರೂ ವಸೂಲು ಮಾಡೋಣ ಅಂತ ಪಾಲಿಕೆ ಇಟ್ಟ ಬೇರೆ ಪುಸ್ತಕವೇ ಬಿ ಖಾತಾ. ತೆರಿಗೆ ಕಟ್ಟಿದರೂ ಆಸ್ತಿ ಸಕ್ರಮ ಆಗುವುದಿಲ್ಲ. ರಾಷ್ಟ್ರೀಕೃತ ಬ್ಯಾಂಕುಗಳು ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ, ಕೊಡುವ ಖಾಸಗಿ ಸಂಸ್ಥೆಗಳ ಬಡ್ಡಿ ಜಾಸ್ತಿ. ದಂಡ ಕಟ್ಟಿಸಿಕೊಂಡು ಅಕ್ರಮ ಕಟ್ಟಡ, ಸೈಟುಗಳನ್ನು ಒಪ್ಪಿಕೊಳ್ಳುವ ಅಕ್ರಮ ಸಕ್ರಮ ಯೋಜನೆಯ ಮೇಲೆ ಆಸೆ ಇಟ್ಟವರಿಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆ ಬಂತು.

2025ರ ನವೆಂಬರ್‌ನಲ್ಲಿ ಸರ್ಕಾರ ಬಿ ಯಿಂದ ಎ ಖಾತಾಗೆ ಬದಲಿಸುವ ಅಭಿಯಾನ ಶುರು ಮಾಡಿತು. ಶುರುವಾದಾಗ ಶುಲ್ಕ ಮಾರ್ಗಸೂಚಿ ಬೆಲೆಯ, ಅಂದರೆ ನೋಂದಣಿಗೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ಬೆಲೆಯ, ಶೇ 5. ಒಂದು 30x40 ಸೈಟು, ಚದರ ಅಡಿಗೆ 4000 ಮಾರ್ಗಸೂಚಿ ದರ ಅಂದುಕೊಳ್ಳಿ. ಬೆಲೆ 48 ಲಕ್ಷ, ಶುಲ್ಕ 2 ಲಕ್ಷ 40 ಸಾವಿರ. ದರವೂ ಗಡುವೂ ಸರ್ಕಾರದ ಆದೇಶದ ಮೇಲೆ ನಿಂತಿರುವುದರಿಂದ ಕಟ್ಟುವ ದಿನದ ಆದೇಶವನ್ನೇ ನೋಡಬೇಕು.

ಇಲ್ಲಿ ಎರಡು ಥರದ ಜನರನ್ನು ಬೇರೆ ಮಾಡುತ್ತೇನೆ. ಅಪ್ಪನ ಕಾಲದಲ್ಲಿ ಕೊಂಡ ಬಿ ಖಾತಾ ಸೈಟು ಆಗಲೇ ಕೈಯಲ್ಲಿದ್ದರೆ, ಯೋಚನೆ ಮಾಡುತ್ತಾ ಕೂರಬೇಡಿ. ಅರ್ಜಿ ಹಾಕಿ, ದುಡ್ಡು ಕಟ್ಟಿ, ಬದಲಿಸಿಕೊಳ್ಳಿ. ಸಾಲ, ಪ್ಲ್ಯಾನು, ಮಾರಾಟ ಮೂರಕ್ಕೂ ದಾರಿ ತೆರೆಯುತ್ತದೆ. ಹೊಸದಾಗಿ ಕೊಳ್ಳುವವರ ವಿಷಯ ಬೇರೆ. "ನಾಳೆ ಎ ಆಗುತ್ತೆ" ಅಂತ ಮಾರುವವರಿಗೆ ಒಂದೇ ಉತ್ತರ: ನೀವೇ ಮಾಡಿಸಿ, ಆಮೇಲೆ ಮಾತಾಡೋಣ. ಅವರಿಗೆ ಅಷ್ಟು ಖಾತ್ರಿ ಇದ್ದರೆ ತಾವೇ ಶುಲ್ಕ ಕಟ್ಟಿ ಜಾಸ್ತಿ ಬೆಲೆಗೆ ಮಾರುತ್ತಿದ್ದರು, ಅಲ್ವಾ? ರಾಜಕಾಲುವೆಯ ಅಂಚು, ಸರ್ಕಾರಿ ಜಮೀನು, ಸ್ವಾಧೀನಕ್ಕೆ ಹೋದ ಜಮೀನು ಯಾವ ಅಭಿಯಾನದಲ್ಲೂ ಎ ಆಗುವುದಿಲ್ಲ.

ಸ್ವಾಧೀನದ ಅಪಾಯ ಬಾಯಿಮಾತಿನದಲ್ಲ. ಯಲಹಂಕದ ಕಡೆಯ 17 ಹಳ್ಳಿಗಳ ಶಿವರಾಮ ಕಾರಂತ ಬಡಾವಣೆಗೆ 2008ರಲ್ಲಿ ಅಧಿಸೂಚನೆ ಹೊರಟಿತ್ತು. ವರ್ಷಗಟ್ಟಲೆ ಏನೂ ಆಗಲಿಲ್ಲ, ಜನ ಸೈಟು ಕೊಂಡು ಮನೆ ಕಟ್ಟಿದರು. 2018ರ ಆಗಸ್ಟ್ 3ರಂದು ಸುಪ್ರೀಂ ಕೋರ್ಟ್ ಬಡಾವಣೆ ಮಾಡಿ ಅಂದಿತು. ಆ ದಿನಕ್ಕೆ ಮೊದಲು ಎದ್ದ ಮನೆಗಳವರು ದಾಖಲೆ ಹೊತ್ತು ಸಮಿತಿ ಮುಂದೆ ನಿಂತು ಉಳಿಸಿಕೊಳ್ಳಬೇಕಾಯಿತು, ಆಮೇಲೆ ಕಟ್ಟಿದವರಿಗೆ ಆ ಅವಕಾಶವೂ ಇರಲಿಲ್ಲ. ಈಗ ಬೆಂಗಳೂರು ಬಿಸಿನೆಸ್ ಕಾರಿಡಾರ್ ಅಂತ ಹೆಸರು ಬದಲಿಸಿಕೊಂಡಿರುವ 73 ಕಿಲೋಮೀಟರಿನ ಪೆರಿಫೆರಲ್ ರಿಂಗ್ ರಸ್ತೆಯ ಸರ್ವೆ ನಂಬರುಗಳೂ ಎಷ್ಟೋ ವರ್ಷದಿಂದ ಅಧಿಸೂಚನೆಯಲ್ಲೇ ಇವೆ. ನಿಮ್ಮ ಸರ್ವೆ ನಂಬರು ಅದರಲ್ಲಿದೆಯಾ ಅಂತ ನೋಡದೆ ಮುಂಗಡ ಕೊಡಬೇಡಿ.

ಕೈಗಾರಿಕಾ ಪ್ರದೇಶದ ಪಕ್ಕ ಹುಡುಕುವವರಿಗೆ ಒಂದು ಮಾತು. ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಕೆಐಎಡಿಬಿ ಕೊಡುವ ಸೈಟು ಕಾರ್ಖಾನೆಗೆ, ಮನೆಗಲ್ಲ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರವೇ ತೆರಿಗೆ ಎತ್ತಿ ತನ್ನ ರಸ್ತೆ ತಾನೇ ನೋಡಿಕೊಳ್ಳುತ್ತದೆ, ಒಂದು ಪಾಲು ಸುತ್ತಲಿನ ಪಂಚಾಯಿತಿಗಳಿಗೆ ಹೋಗುತ್ತದೆ. ಗೇಟಿನೊಳಗಿನ ರಸ್ತೆ ನೋಡಿ ಗೇಟಿನ ಹೊರಗಿನ ಸೈಟಿಗೆ ಬೆಲೆ ಕಟ್ಟಬೇಡಿ.

ಹಾಗಾದರೆ ಯಾರಿಗೆ ಯಾವುದು?

ಹೆಸರಲ್ಲಿ ಏನೂ ಆಸ್ತಿ ಇಲ್ಲ, ಐದಾರು ವರ್ಷ ಕಾಯಬಲ್ಲೆ ಅನ್ನುವವರು ಬಿಡಿಎ, ಹೌಸಿಂಗ್ ಬೋರ್ಡ್ ಪ್ರಕಟಣೆಗಳಿಗೆ ಅರ್ಜಿ ಹಾಕುತ್ತಾ ಇರಿ. ಕಳೆದುಕೊಳ್ಳುವುದು ಹೆಚ್ಚೇನಿಲ್ಲ. ಎರಡು ವರ್ಷದಲ್ಲಿ ಗೃಹಪ್ರವೇಶ ಆಗಲೇಬೇಕು ಅನ್ನುವವರು ಮಂಜೂರಾದ, ರಿಲೀಸ್ ಆದ ಖಾಸಗಿ ಲೇಔಟಿಗೇ ಹೋಗಿ, ಅಥವಾ ಕಟ್ಟಿದ ಫ್ಲ್ಯಾಟಿಗೆ. ನಿವೃತ್ತಿಯ ಗಂಟು ಕೈಯಲ್ಲಿದೆ, ಸಾಲ ಬೇಡ, ಓಡಾಟ ಬೇಡ ಅನ್ನುವ ಹಿರಿಯರಿಗೆ ನೆಲೆಗೊಂಡ ಬಡಾವಣೆಯ ಹರಾಜಿನ ಸೈಟು ಒಪ್ಪುತ್ತದೆ. ದುಬಾರಿ, ಆದರೆ ತಲೆನೋವು ಕಮ್ಮಿ.

ಕಷ್ಟ ಇರುವುದು 25-30 ಲಕ್ಷದ ಬಜೆಟ್ಟಿನವರಿಗೆ. ಮುಚ್ಚಿಡದೆ ಹೇಳುತ್ತೇನೆ, ಪಾಲಿಕೆಯ ಒಳಗೆ ಈ ಬೆಲೆಗೆ ಸಿಗುವುದು ಬಹುತೇಕ ಬಿ ಖಾತಾವೇ. ಅದರ ಬದಲು ಆನೇಕಲ್, ಹೊಸಕೋಟೆ, ನೆಲಮಂಗಲದ ಕಡೆ ಯೋಜನಾ ಪ್ರಾಧಿಕಾರದ ಮಂಜೂರಾತಿ ಇರುವ 20x30 ನೋಡಿ, ಇಲ್ಲವೇ ಫ್ಲ್ಯಾಟು. ಒಂದು ಗಂಟೆ ಜಾಸ್ತಿ ಬಸ್ಸಲ್ಲಿ ಕೂರಬೇಕಾಗಬಹುದು. ಆದಾಯ ಇನ್ನೂ ಕಮ್ಮಿ ಇರುವವರು ರಾಜೀವ್ ಗಾಂಧಿ ವಸತಿ ನಿಗಮದ ಬಹುಮಹಡಿ ಯೋಜನೆಗೆ ಅರ್ಹರಾ ಅಂತ ಮೊದಲು ವಿಚಾರಿಸಿ. ಅದು ಸೈಟಲ್ಲ, ಆದರೆ ಸ್ವಂತ ಬಾಗಿಲು.

ಮುಂಗಡ ಕೊಡುವ ಮುಂಚೆ

ಇ-ಖಾತಾ, ಅಂದರೆ ಖಾತಾದ ಡಿಜಿಟಲ್ ರೂಪ, ಇಲ್ಲದೆ ನಗರದಲ್ಲಿ ನೋಂದಣಿ ಆಗುವುದಿಲ್ಲ. ಹಾಗಾಗಿ ಮೊದಲು ಅದನ್ನೇ ತರಿಸಿ. ಋಣಭಾರ ಪತ್ರ ತೆಗೆಸಿ. ಹಳೇ ಪಹಣಿ, ಮ್ಯುಟೇಷನ್ ನೋಡಿ, ಪರಿಶಿಷ್ಟರಿಗೆ ಮಂಜೂರಾದ ಜಮೀನಾ ಅಂತ ವಕೀಲರಿಂದ ಖಚಿತ ಮಾಡಿಕೊಳ್ಳಿ. 2023ರ ತಿದ್ದುಪಡಿ ಆದ ಮೇಲೆ ಅಂಥ ಜಮೀನನ್ನು ವಾಪಸ್ ಕೇಳಲು ಕಾಲಮಿತಿಯೇ ಇಲ್ಲ. ಮನೆ ಕಟ್ಟಿದ ಮೇಲೆ ಒಸಿ, ಅಂದರೆ ವಾಸಕ್ಕೆ ಯೋಗ್ಯ ಅನ್ನುವ ಸ್ವಾಧೀನಾನುಭವ ಪತ್ರ, ಬೇಕಾಗುತ್ತದೆ. ಅದಿಲ್ಲದೆ ಕರೆಂಟು, ನೀರು ಕೊಡಬಾರದು ಅಂತ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 30x40ವರೆಗಿನ ಸಣ್ಣ ಮನೆಗಳಿಗೆ ಸರ್ಕಾರ ವಿನಾಯಿತಿ ಕೊಟ್ಟಿದೆ, ಆದರೆ ಎಷ್ಟು ಮಹಡಿವರೆಗೆ ಅನ್ನೋದನ್ನು ಪ್ಲ್ಯಾನು ಹಾಕಿಸುವಾಗಲೇ ಕೇಳಿಕೊಳ್ಳಿ.

ಕೊನೆಗೆ ಮಾರಾಟದ ಕರಾರಿನಲ್ಲಿ ಒಂದು ಸಾಲು ಸೇರಿಸಿ: ನೋಂದಣಿಯ ದಿನದವರೆಗಿನ ಆಸ್ತಿ ತೆರಿಗೆ, ಸೆಸ್ಸು, ಸುಧಾರಣಾ ಶುಲ್ಕ, ನೀರಿನ ಬಾಕಿ, ಖಾತಾ ಬದಲಾವಣೆಯ ಶುಲ್ಕ ಎಲ್ಲವೂ ಮಾರುವವರದ್ದೇ, ಯಾವ ಪಾಲಿಕೆ, ಯಾವ ಪ್ರಾಧಿಕಾರ ಯಾವಾಗ ಕೇಳಿದರೂ. ಈ ಸಾಲಿಗೆ ಒಪ್ಪದವರು ಯಾಕೆ ಒಪ್ಪುತ್ತಿಲ್ಲ ಅಂತ ಕೇಳಿ, ಉತ್ತರ ಬರುವವರೆಗೆ ಚೆಕ್ಕು ನಿಮ್ಮ ಹತ್ತಿರವೇ ಇರಲಿ.